ಕಸ್ತೂರಿಬಾಯಿಯ ಹಿಂದೆ ನಡೆದ ತಾಯಿ

ವಿಜಯಪುರದ ಹಳೆಯ ಕೋಟೆಗೋಡೆಯ ಮಗ್ಗುಲಲ್ಲಿ, ಕವಲೊಡೆದ ಓಣಿಗಳ ನಡುವೆ, ಪೂಜ್ಯ ಶಾಂಭವಿ ತಾಯಿಯವರ ಆಶ್ರಮವಿತ್ತು. ಆಶ್ರಮವೆಂದರೆ ಎರಡು ಕಲ್ಲಿನ ಖೋಲಿ, ಮುಂದೊಂದು ಬೇವಿನ ಗಿಡ. ತಾಯಿಯವರು ತಾವೇ ರೊಟ್ಟಿ ಬಡಿದು ಬಂದವರಿಗೆ ಉಣಬಡಿಸುತ್ತಿದ್ದರು. ಸಂಜೆ ಕೂತವರಿಗೆ ನಾಲ್ಕು ಮಾತು ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅದೇ ಓಣಿಗಳಲ್ಲಿ ಮನೆಯಿದ್ದ, ಪಾತ್ರೆ-ಬಾಂಡೆ ಅಂಗಡಿಯ ಈರಸಂಗಪ್ಪ ತನ್ನ ತಂಗಿ ಕಸ್ತೂರಿಬಾಯಿಯನ್ನು ಕರೆತಂದ. ಆಕೆಗೆ ಬಹುಕಾಲದಿಂದ ಸ್ಕಿಜೋಫ್ರೇನಿಯಾ. ಕಿವಿಯಲ್ಲಿ ಯಾರೋ ಬೈದಂತಾಗುತ್ತಿದ್ದುದು ಡಾಕ್ಟರರ ಗುಳಿಗೆಯಿಂದ ಬಹುಮಟ್ಟಿಗೆ ನಿಂತಿತ್ತು. ಆದರೆ ದಾರಿ ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಸಮೀಪದ ಕಿರಾಣಿ ಅಂಗಡಿಗೆ ಹೋದವಳು ಮನೆ ಯಾವ ಕಡೆಯೆಂದು ತಿಳಿಯದೆ ಅಳುತ್ತ ನಿಲ್ಲುತ್ತಿದ್ದಳು. ಒಮ್ಮೆ ರೈಲು ಹಳಿಯ ಮೇಲೆ ಸಿಕ್ಕಿದ್ದಳು. ಅಂದಿನಿಂದ ಅಣ್ಣ ಹೊರಗಿನಿಂದ ಕೀಲಿ ಹಾಕಿಯೇ ಅಂಗಡಿಗೆ ಹೋಗುತ್ತಿದ್ದ.

"ನನಗ ಇದರಾಗೆಲ್ಲ ನಂಬಿಕಿ ಇಲ್ರೀ," ಎಂದ ಈರಸಂಗಪ್ಪ. "ಹಳ್ಳ್ಯಾಗಿರೋ ನಮ್ಮವ್ವ ಹಟ ಹಿಡದಳಂತ ಬಂದೀನಿ. ತಾಯತ ಕಟ್ಟಿ ಗುಣಾ ಮಾಡ್ತೀರೇನು?"

ತಾಯಿಯವರು ನಕ್ಕರು. "ಅದು ನನ್ನ ಹತ್ರ ಇಲ್ಲಪ್ಪಾ. ಡಾಕ್ಟರ್ ಕೊಟ್ಟ ಗುಳಿಗಿ ತಪ್ಪಿಸಬ್ಯಾಡ." ಆಮೇಲೆ ಕಸ್ತೂರಿಬಾಯಿಯ ಕೈ ಹಿಡಿದು ಕೇಳಿದರು: "ನಿನಗೇನ ಬೇಕವ್ವಾ?"

ಆಕೆಯನ್ನು ಹಾಗೆ ಕೇಳಿದವರೇ ಇರಲಿಲ್ಲ. ಓಣಿಯತ್ತ ನೋಡಿ ಅಂದಳು: "ನಾ ಒಬ್ಬಾಕೀನ ಮನಿಗಿ ಹೋಗಬೇಕ್ರೀ."

"ನಡಿ. ನಾ ಹಿಂದ ಬರ್ತೀನಿ."

ಮೊದಲ ತಿರುವಿನಲ್ಲೇ ಕಸ್ತೂರಿಬಾಯಿ ತಪ್ಪಿದಳು. ಈರಸಂಗಪ್ಪ ಕೂಗಲು ಬಾಯಿ ತೆರೆದಾಗ ತಾಯಿಯವರು ಕೈಯೆತ್ತಿ ತಡೆದರು. ಆಕೆ ತಾನಾಗಿಯೇ ನಿಂತಳು. "ತಪ್ಪಿತೇನ್ರೀ?"

"ಹೌದವ್ವಾ. ಮತ್ತ ಗಿಡದಿಂದ ಹೊಂಡೂಣು."

ಮರಳಿ ಬಂದು, ಸರಿಯಾದ ತಿರುವಿನಲ್ಲಿ ತಾಯಿಯವರು ನಿಂತರು. "ಇಲ್ಲೇನು ಕಾಣ್ತೈತಿ?"

"ಗಿರಣಿ."

"ಗಿರಣಿ ಬಂತು, ಬಲಕ್ಕ ತಿರುಗು. ಬಾಯಿಬಿಟ್ಟು ಅನ್ನು."

ಆ ಬೇಸಿಗೆಯುದ್ದಕ್ಕೂ ತಾಯಿಯವರು ವೃದ್ಧಾಪ್ಯವನ್ನು ಲೆಕ್ಕಿಸದೆ, ಬರಿಗಾಲಲ್ಲಿ, ಆಕೆಯ ಹಿಂದೆ ನಡೆದರು. ಒಂದು ಸಂಜೆ ಭಕ್ತರೊಬ್ಬರು ಓಡಿಬಂದು, "ತಾಯೀ, ಪ್ರವಚನಕ್ಕ ಮಂದಿ ಕಾಯಾಕತ್ತಾರ" ಎಂದರು.

"ಪ್ರವಚನ ಇಲ್ಲೇ ನಡದೈತಲ್ಲಪ್ಪಾ," ಎಂದು ತಾಯಿಯವರು ಮುಂದಿನ ಹೆಜ್ಜೆ ಇಟ್ಟರು.

ಒಮ್ಮೆ, ಕಲಿತದ್ದೆಲ್ಲ ಅಳಿಸಿಹೋದಂತಾಗಿ ಕಸ್ತೂರಿಬಾಯಿ ಓಣಿಯಲ್ಲೇ ಕುಸಿದು ಕೂತಳು. ಜೊತೆಗಿದ್ದ ಈರಸಂಗಪ್ಪ ಸೋತ ದನಿಯಲ್ಲಿ, "ಬಿಡ್ರೀ ತಾಯೀ, ಆಕಿ ತಲ್ಯಾಗ ಏನೂ ನಿಂದ್ರಂಗಿಲ್ಲ" ಎಂದ.

ತಾಯಿಯವರು ಆಕೆಯ ಪಕ್ಕದ ಧೂಳಿನಲ್ಲೇ ಕೂತು, ಸೆರಗಿನಿಂದ ಆಕೆಯ ಮುಖ ಒರೆಸಿದರು. "ಆಕಿ ದಾರಿ ಮರೀತಾಳ, ಖರೆ. ಆಕಿಗೂ ಒಂದು ಆಸೆ ಐತಿ ಅನ್ನೂದನ್ನ ನೀ ಮರತೀಯಲ್ಲೋ."

ಮರುದಿನದಿಂದ ಆ ಮನೆಗೆ ಕೀಲಿ ಬೀಳಲಿಲ್ಲ. ಅಂಗಡಿಗೆ ಹೋಗುವಾಗ ಈರಸಂಗಪ್ಪ ತಂಗಿಯನ್ನು ಆಶ್ರಮದಲ್ಲಿ ಬಿಟ್ಟು ಹೋಗತೊಡಗಿದ.

ಮುಂಗಾರು ಹಿಡಿಯುವ ಮೊದಲು, ಒಂದು ಮಧ್ಯಾಹ್ನ ಆತ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಕಸ್ತೂರಿಬಾಯಿ ಹೊಸ್ತಿಲು ದಾಟಿ ಬಂದಳು. ಮೈಯೆಲ್ಲ ಬೆವರು. ಆತ ಎದ್ದು ಓಣಿಯತ್ತ ನೋಡಿದ. ಯಾರೂ ಇರಲಿಲ್ಲ.

"ಯಾರ ಜೋಡಿ ಬಂದಿ?"

"ಒಬ್ಬಾಕೀನ, ಅಣ್ಣಾ."

ಎಂಜಲುಗೈಯಲ್ಲೇ ಆಶ್ರಮಕ್ಕೆ ಓಡಿದ ಈರಸಂಗಪ್ಪ ತಾಯಿಯವರ ಪಾದದ ಮೇಲೆ ಬಿದ್ದು ಬಿಕ್ಕಿಬಿಕ್ಕಿ ಅತ್ತ. "ನನ್ನ ಕಾಲು ಯಾಕ ಹಿಡೀತೀ? ನಡದಾಕಿ ಆಕಿ," ಎಂದು ತಾಯಿಯವರು ಅವನನ್ನೆಬ್ಬಿಸಿದರು.

ರೋಗವೇನೂ ಬಿಟ್ಟುಹೋಗಲಿಲ್ಲ, ಗುಳಿಗೆಗಳೂ ನಿಲ್ಲಲಿಲ್ಲ. ಮುಂದೆ ಬಾಜಾರದ ದಾರಿಯನ್ನು ಅಣ್ಣನೇ ಕಲಿಸಲು ಹೊರಟ. ಆ ದಾರಿ ಕಸ್ತೂರಿಬಾಯಿಗೆ ಕಡೆಯವರೆಗೂ ಪೂರ್ತಿ ಬರಲಿಲ್ಲ. ಸಂಜೆ ಅಂಗಡಿ ಮುಚ್ಚಿ ಆಕೆಯ ಹಿಂದೆ ನಡೆಯುವುದನ್ನು ಈರಸಂಗಪ್ಪನೂ ಕಡೆಯವರೆಗೆ ಬಿಡಲಿಲ್ಲ.