ನೆಲಕ್ಕೆ ಎಟುಕಿದ ಪಾದಗಳು

ಮಂಡಿ ಸವೆದ ಮುದಿ ಕರಡಿಗೆ ಸಾಯುವ ಮುನ್ನ ಒಮ್ಮೆ ತಾನು ಹುಟ್ಟಿದ ಗುಡ್ಡದ ನೆತ್ತಿ ನೋಡುವ ಆಸೆ. ಅದಕ್ಕೆಂದೇ ಕಲ್ಲುಗುಡ್ಡ ಹತ್ತುವ ಎತ್ತರದ ಒಂದು ಡರ್ಟ್ ಬೈಕು ತಂದಿತು. ಆದರೆ ಮೈ ಗಿಡ್ಡ, ಹೊಟ್ಟೆ ದಪ್ಪ. ಏರಿ ಕೂತರೆ ಕಾಲು ನೆಲಕ್ಕೆ ಎಟುಕದೆ ಬೈಕಿನ ಸಮೇತ ಮಗುಚಿ ಬಿತ್ತು.

ಗ್ಯಾರೇಜಿನ ಕೋತಿ ಸೀಟಿನ ಸ್ಪಂಜು ಕೊಯ್ದು ತಗ್ಗಿಸಿತು. ಆದರೂ ಕರಡಿಯ ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟಿತು.

"ಬೈಕನ್ನು ಎತ್ತಿ ಹಿಡಿದಿರುವ ಸ್ಪ್ರಿಂಗನ್ನೂ ಕತ್ತರಿಸು, ಇನ್ನೂ ತಗ್ಗಲಿ" ಎಂದಿತು ಕರಡಿ.

"ಬೇಡ ಅಜ್ಜಾ. ನಿಮ್ಮ ಭಾರಕ್ಕೆ ಅದು ಇನ್ನೂ ಗಟ್ಟಿ ಇರಬೇಕು."

"ಕತ್ತರಿಸು ಮಾರಾಯ! ಈ ವಯಸ್ಸಿನಲ್ಲಿ ಇನ್ನೊಮ್ಮೆ ಬಿದ್ದರೆ ನಾನು ಏಳಲಾರೆ."

ಕೋತಿ ಕತ್ತರಿಸಿತು. ಕರಡಿಯ ಎರಡೂ ಪಾದಗಳು ನೆಲಕ್ಕೆ ಊರಿದವು. ಖುಷಿಯಿಂದ ಹೊರಟಿತು. ಗುಡ್ಡದ ಬುಡದ ಮೊದಲ ಕಲ್ಲಿಗೇ ಬೈಕಿನ ಹೊಟ್ಟೆ ಬಡಿದು, ಎಂಜಿನ್ ಒಡೆದು, ಆಯಿಲ್ ಸೋರತೊಡಗಿತು.

"ಹತ್ತಪ್ಪಾ, ಹತ್ತು" ಎಂದು ಕರಡಿ ಬೈಕಿಗೆ ಗೋಗರೆಯಿತು.

"ಹೇಗೆ ಹತ್ತಲಿ ಅಜ್ಜಾ?" ಎಂದಿತು ಬೈಕು. "ಎತ್ತರವಿದ್ದುದರಿಂದಲೇ ನಾನು ಕಲ್ಲು ದಾಟುತ್ತಿದ್ದೆ. ಬೀಳುವ ಭಯಕ್ಕೆ ನೀವು ನನ್ನನ್ನೂ ನಿಮ್ಮಂತೆಯೇ ಗಿಡ್ಡ ಮಾಡಿಸಿದಿರಿ. ಈಗ ನೀವು ದಾಟಲಾಗದ್ದನ್ನು ನಾನೂ ದಾಟಲಾರೆ."

ಕರಡಿ ಎರಡೂ ಪಾದಗಳನ್ನು ನೆಲಕ್ಕೆ ಭದ್ರವಾಗಿ ಊರಿಕೊಂಡು, ಗುಡ್ಡದ ನೆತ್ತಿ ಕತ್ತಲಾಗುವವರೆಗೂ ನೋಡುತ್ತ ಕೂತಿತು.