ನೂರೊಂದು ಗಂಟಿನ ರುಮಾಲು

ಒಂದೂರು. ಎಲ್ಲಿತ್ತು ಅಂತ ಕೇಳಬೇಡಿ. ಮೂರು ದಿಬ್ಬ ಹತ್ತಿ ಏಳು ಹೊಲ ದಾಟಿದರೆ ಸಿಗುತ್ತಿತ್ತಂತೆ. ಆ ಊರಿಗೊಬ್ಬ ರಾಜನೂ ಇದ್ದ, ಆದರೆ ಬಹಳ ದೂರದಲ್ಲಿದ್ದ, ಹಾಗಾಗಿ ಊರು ನೆಮ್ಮದಿಯಾಗಿತ್ತು. ಊರಿನ ಕೆಲಸ ನೋಡಿಕೊಳ್ಳೋಕೆ ಐದು ಜನ ಪಂಚರು. ಅವರ ಅಧಿಕಾರ ಮೂರು ವರ್ಷ. ಮೂರು ಯುಗಾದಿ ಕಳೆದರೆ ಹಳಬರು ಚಾವಡಿ ಇಳೀಬೇಕು, ಹೊಸಬರು ಏರಬೇಕು.

ಊರಲ್ಲಿ ಓದುಬರಹ ಬಂದವರು ಒಬ್ಬರೂ ಇರಲಿಲ್ಲವಂತೆ. ಅದಕ್ಕೇ ಹಿರೀಕರು ಒಂದು ರುಮಾಲು ಮಾಡಿಟ್ಟಿದ್ದರು. ಹನ್ನೆರಡು ಮೊಳದ ಬಿಳಿ ರುಮಾಲು. ಊರ ರುಮಾಲು ಅಂತಲೇ ಅದರ ಹೆಸರು. ಹೊಸ ಪಂಚರು ಕೂರುವ ದಿನ ಜನ ಚಾವಡಿ ಮುಂದೆ ಸೇರೋರು. ನಮಗೆ ಬಾವಿ ಬೇಕು ಅಂತ ಒಬ್ಬ, ನಮ್ಮ ಕೇರಿಗೆ ದಾರಿ ಬೇಕು ಅಂತ ಇನ್ನೊಬ್ಬ. ಪಂಚರು ಹೂಂ ಅಂದರೆ ರುಮಾಲಿಗೆ ಒಂದು ಗಂಟು. ಬರೀ ಗಂಟಲ್ಲ, ಕೇಳಿದವರು ಆ ಕೆಲಸದ ಗುರುತಿಗೆ ನೀರಿಗೆ ಕರಗದ ವಸ್ತು ಒಂದನ್ನು ತಂದು ಒಳಗಿಡಬೇಕು. ಬಾವಿಗಾದರೆ ಹಗ್ಗದ ತುಣುಕು, ಸೂರಿಗಾದರೆ ಹೆಂಚಿನ ಚೂರು. ಕೆಲಸ ಮುಗಿದ ದಿನ ನಾಲ್ಕು ಜನರ ಮುಂದೆ ಬಿಚ್ಚಬೇಕು. ಮುಗಿಯದ ಗಂಟು ಬಿಚ್ಚಿದರೆ ಊರಿಗೆ ಕೇಡು. ಅದು ಹಾಗೇ ರುಮಾಲಿನ ಜೊತೆ ಮುಂದಿನ ಪಂಚರ ಯಜಮಾನನ ತಲೆಗೆ.

ಚೆಂದದ ಪದ್ಧತಿಯೇ. ಆದರೆ ಗಂಟು ಹಾಕುವ ದಿನ ತಮಟೆ ಬಾರಿಸಿ ಮಂಡಕ್ಕಿ-ಬೆಲ್ಲ ಹಂಚೋರು. ಬಿಚ್ಚುವ ದಿನ ತಮಟೆಯೂ ಇಲ್ಲ, ಬೆಲ್ಲವೂ ಇಲ್ಲ. ಇನ್ನು ಯಾರು ಬಿಚ್ಚುತ್ತಾರೆ ಹೇಳಿ? ಪಂಚರು ಬಂದರು, ಹಾಕಿದರು, ಹೋದರು. ಮತ್ತೆ ಬಂದರು, ಹಾಕಿದರು, ಹೋದರು. ಹೀಗೆ ಅಜ್ಜಂದಿರ ಕಾಲ ಮುಗಿದು ಮೊಮ್ಮಕ್ಕಳ ಕಾಲ ಬರೋ ಹೊತ್ತಿಗೆ ರುಮಾಲಿನಲ್ಲಿ ನೂರೊಂದು ಗಂಟು ಆಗಿತ್ತಂತೆ.

ಆ ರುಮಾಲನ್ನು ಒಗೆಯುತ್ತಿದ್ದವಳು ಮಡಿವಾಳರ ಮಾಳವ್ವ. ಅವಳಿಗೂ ಮುಂಚೆ ಅವಳ ಅತ್ತೆ. ಅವಳ ಹತ್ತಿರ ಒಂದು ಕತ್ತೆಯೂ ಇತ್ತು; ಆದರೆ ಈ ಕತೆಯಲ್ಲಿ ಕತ್ತೆ ಮಾತಾಡುವುದಿಲ್ಲ, ಮಾತಾಡೋಕೆ ಪಂಚರಿದ್ದರಲ್ಲ.

ಮಾಳವ್ವನಿಗೆ ಒಬ್ಬಳೇ ಮಗಳು, ಕೆಂಚಿ. ಹಳ್ಳದಾಚೆ ಊರಿಗೆ ಕೊಟ್ಟಿದ್ದಳು. ಬೇಸಿಗೆಯಲ್ಲಿ ಹಳ್ಳ ಅಂದರೆ ಕಾಲು ತೊಳೆಯೋ ಅಷ್ಟು ನೀರು. ಆಷಾಢ ಬಂತೋ, ಆಚೆ ದಡದವರು ಆಚೆಗೆ, ಈಚೆ ದಡದವರು ಈಚೆಗೆ. ಹಿಂದಿನ ಮಳೆಗಾಲ ಕೆಂಚಿಯ ಕೂಸಿಗೆ ಜ್ವರ ಬಂದಿತ್ತು. ಅಳಿಯ ಆಚೆ ದಡದಲ್ಲಿ ನಿಂತು ಕೂಗಿದ, ಮಾಳವ್ವ ಈಚೆ ದಡದಲ್ಲಿ ನಿಂತು ಕೂಗಿದಳು. ಹಳ್ಳ ಇಬ್ಬರಿಗಿಂತ ಜೋರಾಗಿ ಕೂಗಿತು. ಒಂಬತ್ತು ದಿನ ಅವಳು ದಡ ಬಿಟ್ಟು ಏಳಲಿಲ್ಲವಂತೆ. ಕೂಸು ಉಳಿಯಿತು, ಪುಣ್ಯ. ಈಗ ಕೆಂಚಿ ಮತ್ತೆ ಬಸುರಿ. ಶ್ರಾವಣಕ್ಕೆ ಹೆರಿಗೆ. ಅತ್ತೆ ಇಲ್ಲದ ಮನೆ, ಮಗುವನ್ನು ಬಿಟ್ಟು ಹೊಲಕ್ಕೆ ಹೋಗುವ ಗಂಡ. ಮಾಳವ್ವನ ಕಣ್ಣೆಲ್ಲ ಹಳ್ಳದ ಮೇಲೆ.

ಆ ವರ್ಷ ಪಂಚರ ಯಜಮಾನನಾಗಿ ಆರಿಸಿ ಬಂದವನು ಗಾಣದ ಹಾಲಪ್ಪ. ಒಳ್ಳೆಯವನು. ಗಾಣದ ಎತ್ತಿನ ಹಾಗೆ ನಿಧಾನ, ಆದರೆ ನಿಲ್ಲುವವನಲ್ಲ. ಯುಗಾದಿಯ ಮಾರನೇ ದಿನ ಬೆಳಿಗ್ಗೆ ಚಾವಡಿ ಮುಂದೆ ಊರಿಗೆ ಊರೇ ಸೇರಿತು. ಮಾಳವ್ವ ರುಮಾಲನ್ನು ಒಗೆದು ಬುಟ್ಟಿಯಲ್ಲಿಟ್ಟು ತಂದಳು. ಬುಟ್ಟಿ ಇಳಿಸೋಕೆ ಇಬ್ಬರು ಬೇಕಾಯ್ತಂತೆ.

ಹಾಲಪ್ಪ ರುಮಾಲು ಸುತ್ತಿಕೊಂಡ, ಜಾರಿತು. ಇನ್ನೊಂದು ಸಲ ಸುತ್ತಿಕೊಂಡ, ಕಣ್ಣಿನ ಮೇಲೆ ಬಿತ್ತು. ಮೂರನೇ ಸಲ ನಾಲ್ವರು ಪಂಚರೂ ಹಿಡಿದು ಸುತ್ತಿದರು, ಹಾಲಪ್ಪನ ಕತ್ತು ಒಳಗೆ ಹೋಯಿತೇ ಹೊರತು ರುಮಾಲು ಮೇಲೆ ನಿಲ್ಲಲಿಲ್ಲ. ರುಮಾಲು ಕಟ್ಟದೆ ಅಧಿಕಾರ ಇಲ್ಲ, ಅದು ಕಟ್ಟಳೆ. ಇತ್ತ ಜನ ಹೊಸ ಬೇಡಿಕೆ ಹಿಡಿದು ಸಾಲಾಗಿ ನಿಂತಿದ್ದಾರೆ, ಕೈಯಲ್ಲಿ ಕಲ್ಲು, ಕಡ್ಡಿ, ಹೆಂಚು ಹಿಡಿದುಕೊಂಡು. ನಲವತ್ತು ಜನರಿಗೆ ಕಡಿಮೆಯಿಲ್ಲ. ರುಮಾಲಿನಲ್ಲಿ ಗಂಟು ಹಾಕೋಕೆ ಒಂದು ಗೇಣು ಬಟ್ಟೆ ಉಳಿದಿಲ್ಲ.

ಪಂಚರಲ್ಲೊಬ್ಬ ಜವಳಿ ಅಂಗಡಿಯ ಮಲ್ಲಿಶೆಟ್ಟಿ. ಅವನು ಎದ್ದು ನಿಂತ.

"ಇದಕ್ಕೆ ಇಷ್ಟು ಯೋಚನೆ ಯಾಕೆ? ಇನ್ನು ಹನ್ನೆರಡು ಮೊಳ ಜೋಡಿಸಿ ಹೊಲಿಸೋಣ. ನನ್ನ ಅಂಗಡೀಲಿ ಒಳ್ಳೇ ಬಟ್ಟೆ ಇದೆ. ಮೊದಲನೇ ಗಂಟು ನನ್ನದು. ಊರ ಬಾಗಿಲಿಗೆ ಒಂದು ಕಮಾನು. ನೋಡಿದವರು ಯಾವೂರಪ್ಪಾ ಇದು ಅನ್ನಬೇಕು!"

"ಶೆಟ್ರೇ, ರುಮಾಲು ಹೊರೋದು ನನ್ನ ಕತ್ತು," ಅಂದ ಹಾಲಪ್ಪ, ಕತ್ತು ನೀವಿಕೊಳ್ಳುತ್ತ.

ಮಾಳವ್ವನಿಗೆ ನಗು ತಡೆಯಲಿಲ್ಲ. ಅವಳು ನಕ್ಕರೆ ಹಳ್ಳದ ಆಚೆಗೂ ಕೇಳುತ್ತಿತ್ತಂತೆ. ಎಲ್ಲರೂ ತಿರುಗಿದರು.

"ಏನವ್ವಾ, ನಮ್ಮ ಪಾಡು ನಿನಗೆ ತಮಾಷೆಯಾ?" ಅಂದ ಶೆಟ್ಟಿ.

"ಅಲ್ರೀ ಶೆಟ್ರೇ, ಹೊಸದಾಗಿ ಕಟ್ಟೋದಕ್ಕೆ ಮುಂಚೆ ಮುಗಿದಿರೋದನ್ನ ಬಿಚ್ಚಬಾರದಾ?"

"ಯಾವುದು ಮುಗಿದಿದೆ, ಯಾವುದು ಮುಗಿದಿಲ್ಲ, ಯಾರಿಗೆ ಗೊತ್ತು? ಹಾಕಿದವರೆಲ್ಲ ಸತ್ತು ಮಣ್ಣಾಗಿದ್ದಾರೆ."

"ನನ್ನ ಕೈಗೆ ಗೊತ್ತು," ಅಂದಳು ಮಾಳವ್ವ.

ಅವಳು ಸುಳ್ಳು ಹೇಳಲಿಲ್ಲ. ಇತರ ಬಟ್ಟೆಯಂತೆ ಆ ರುಮಾಲನ್ನು ಕಲ್ಲಿಗೆ ಬಡಿಯೋ ಹಾಗಿಲ್ಲ, ಒಳಗಿನ ಗುರುತು ಪುಡಿಯಾಗುತ್ತದೆ. ಒಂದೊಂದೇ ಗಂಟನ್ನು ಬೆರಳಲ್ಲಿ ಉಜ್ಜಬೇಕು. ಅತ್ತೆ ಉಜ್ಜುತ್ತ ಇದು ಇಂಥದು, ಇದು ಇಂಥದು ಅಂತ ಹೇಳಿಕೊಟ್ಟಿದ್ದಳು.

ಹಾಲಪ್ಪ ಅವಳನ್ನು ಚಾವಡಿ ಮೇಲೆ ಕರೆದ. "ಹತ್ತವ್ವಾ, ಹೇಳು." ಮಡಿವಾಳರ ಹೆಣ್ಣುಮಗಳು ಚಾವಡಿ ಹತ್ತಿದ್ದು ಅದೇ ಮೊದಲಂತೆ. ನಾಲ್ಕು ಜನ ಕೆಮ್ಮಿದರು. ಹಾಲಪ್ಪ ಕೆಮ್ಮು ಬಂದವರು ಶುಂಠಿ ತಿನ್ನಿ ಅಂದ.

ಮಾಳವ್ವ ಮೊದಲನೇ ಗಂಟು ಹಿಡಿದಳು. ಹಿಡಿದವಳಿಗೆ ಒಂದು ಯೋಚನೆ ಬಂತು. ಇಡೀ ಊರಲ್ಲಿ ಇದನ್ನು ಬಲ್ಲವಳು ನಾನೊಬ್ಬಳೇ. ಇದು ಹಳ್ಳ ದಾಟೋಕೆ ಕಾಲುಸಂಕ, ಇದೂ ಕಾಲುಸಂಕ, ನೂರೊಂದೂ ಕಾಲುಸಂಕ ಅಂದುಬಿಟ್ಟರೆ? ಯಾರು ಇಲ್ಲ ಅಂದಾರು? ಕೆಂಚಿಯ ಮುಖ ಕಣ್ಣ ಮುಂದೆ ಬಂತು. ಬೆರಳು ತಡವಿತು. ಗಂಟಿನೊಳಗೆ ಹಗ್ಗ. ಬೆರಳಿಗೆ ಹಗ್ಗ ಸಿಕ್ಕಿದ ಮೇಲೆ ಬಾಯಿಗೆ ಸಂಕ ಅನ್ನೋಕೆ ಬರಲಿಲ್ಲವಂತೆ.

"ಇದು ಮೇಗಲ ಕೇರಿ ಬಾವಿ," ಅಂದಳು.

"ಅಯ್ಯೋ, ಇವತ್ತು ಬೆಳಿಗ್ಗೆ ತಾನೇ ಅದರಲ್ಲಿ ನೀರು ಸೇದಿದೆನಲ್ಲೇ!" ಅಂತ ಒಬ್ಬಳು ಕೂಗಿದಳು. ಬಾವಿ ತೋಡಿ ಇಪ್ಪತ್ತು ವರ್ಷ. ಗಂಟು ಬಿಚ್ಚಿದರು, ಹಗ್ಗದ ತುಣುಕು ಬಿತ್ತು.

"ಇದು ರಾಜರ ಆನೆ ಬಂದಾಗ ಕಟ್ಟೋಕೆ ಲಾಯ. ಆನೆ ಬರಲೇ ಇಲ್ಲ." ಬೇಡವಾದ ಕೆಲಸ ಮುಗಿದ ಹಾಗೇ ಅಂದ ಹಾಲಪ್ಪ. ಬಿಚ್ಚಿದರು. "ಇದು ಚಾವಡಿ ಮುಂದೆ ಹುಣಸೆಮರ ನೆಡೋದು. ಅದರ ಪಕ್ಕದ್ದು ಆ ಹುಣಸೆಮರ ಕಡಿಯೋದು." ನೆಡಲೂ ಇಲ್ಲ, ಕಡಿಯಲೂ ಇಲ್ಲ. ಎರಡನ್ನೂ ಬಿಚ್ಚಿದರು. ಜನ ಹೊಟ್ಟೆ ಹಿಡಿದು ನಕ್ಕರು. ನಮ್ಮಪ್ಪ ಇಷ್ಟು ದಡ್ಡನಾ ಅಂತ ಕೆಲವರು ಕಣ್ಣು ಒರೆಸಿಕೊಂಡರು. ನೋಡನೋಡುತ್ತಿದ್ದ ಹಾಗೆ ರುಮಾಲು ಉದ್ದವಾಗುತ್ತ ಬಂತು.

ಬಿಸಿಲು ಏರುವ ಹೊತ್ತಿಗೆ ಹನ್ನೆರಡೇ ಗಂಟು ಉಳಿದವಂತೆ. ಮಾಳವ್ವ ಅದರಲ್ಲಿ ಮೂರನ್ನು ಒಟ್ಟಿಗೆ ಹಿಡಿದಳು. ದನಿ ಸಣ್ಣಗಾಯಿತು.

"ಈ ಮೂರೂ ಒಂದೇ. ಹಳ್ಳಕ್ಕೆ ಕಾಲುಸಂಕ."

"ಆಹಾ!" ಅಂದ ಮಲ್ಲಿಶೆಟ್ಟಿ. "ನಿನ್ನ ಮಗಳ ಊರಿನ ದಾರಿ ಮೂರು ಸಲ ಬಂತಾ? ಇಷ್ಟೊತ್ತು ಊರಿನ ಗಂಟು ಹೇಳಿದಳು, ಈಗ ಮನೆ ಗಂಟು ಹೇಳ್ತಿದ್ದಾಳೆ, ನೋಡ್ರಪ್ಪಾ!"

ಮಾಳವ್ವನ ಮುಖ ಕೆಂಪಾಯಿತು. ಬೇಕಾದರೆ ನೂರೊಂದೂ ನನ್ನದೇ ಅನ್ನಬಹುದಿತ್ತು ಅಂತ ಬಾಯಿಗೆ ಬಂತು, ನುಂಗಿಕೊಂಡಳು.

"ಬಿಚ್ಚಿ ನೋಡಿ ಶೆಟ್ರೇ," ಅಂದಳು ಅಷ್ಟೇ.

ಜನ ಹಿಂದೆ ಸರಿದರು. ಮುಗಿಯದ ಗಂಟು ಬಿಚ್ಚೋದೇ? ಊರಿಗೆ ಕೇಡಲ್ಲವೇ? ಹಾಲಪ್ಪ ಮೂರೂ ಗಂಟನ್ನು ಕೈಗೆ ತಗೊಂಡ. "ನೋಡಿ ಮತ್ತೆ ಕಟ್ಟಿದರಾಯ್ತು. ಕೇಡು ಬರೋಕೂ ದಾರಿ ನಡೀಬೇಕಲ್ಲ, ಅಷ್ಟರಲ್ಲಿ ಕಟ್ಟೋಣ," ಅಂದವನೇ ಬಿಚ್ಚಿದ.

ಮೊದಲನೆಯದರಲ್ಲಿ ಹಳ್ಳದ ನುಣುಪು ಕಲ್ಲು. ಅದು ಮಾಳವ್ವನ ಅತ್ತೆ ಇಟ್ಟದ್ದು. ಎರಡನೆಯದರಲ್ಲಿ ಒಂದು ಬಿಳಿ ಕವಡೆ. ಆಚೆ ಊರಿನ ಸಂತೆಗೆ ಕುರಿ ಹೊಡೆಯುತ್ತಿದ್ದ ಕುರುಬರ ಮುದುಕನದು. ಮೂರನೆಯದು ಬಿಚ್ಚಿದಾಗ ಕಲ್ಲೂ ಇಲ್ಲ, ಕವಡೆಯೂ ಇಲ್ಲ. ಬೆರಳಗಲದ ಒಂದು ಅಂಚಿನ ಚೂರು, ಹಸಿರು ರೇಷ್ಮೆಯಲ್ಲಿ ಗಿಳಿ.

ಮಲ್ಲಿಶೆಟ್ಟಿ ಅದನ್ನು ಕೈಗೆ ತೆಗೆದುಕೊಂಡ. ಜವಳಿಯವನಿಗೆ ಬಟ್ಟೆ ಗುರುತು ಹೇಳಿಕೊಡಬೇಕೇ? ಆ ಗಿಳಿ ಅಂಚನ್ನು ಊರಿಗೆ ತರಿಸುತ್ತಿದ್ದವನು ಒಬ್ಬನೇ, ಅವನ ಅಪ್ಪ. ಹಳ್ಳ ದಾಟುವಾಗ ಹೊರೆ ಸಮೇತ ಜಾರಿ ಬಿದ್ದು, ಸೀರೆಗಳು ನೀರ ಮೇಲೆ ತೇಲಿಹೋಗಿದ್ದನ್ನು ಸಾಯುವ ತನಕ ಹೇಳುತ್ತಿದ್ದನಂತೆ. ಶೆಟ್ಟಿ ಆ ಚೂರನ್ನು ತಿರುಗಿಸಿ ನೋಡಿದ, ಮತ್ತೆ ತಿರುಗಿಸಿದ.

ಹಾಲಪ್ಪ ಈಗ ರುಮಾಲು ಸುತ್ತಿಕೊಂಡ. ಹತ್ತು ಮೊಳ ತಲೆಗೆ ಸರಿಯಾಯಿತು. ಬೆನ್ನ ಮೇಲೆ ಎರಡು ಮೊಳ ಇಳಿಬಿತ್ತು. "ಇನ್ನು ಮುಂದೆ ತಲೆ ಮೇಲೆ ಗಂಟು ಬೇಡ. ಈ ಸೆರಗಿನಲ್ಲಿ ಹಿಡಿಸುವಷ್ಟೇ. ಮಿಕ್ಕಿದ್ದರ ಗುರುತು ಚಾವಡಿಯಲ್ಲಿ ಸರದಿ ಕಾಯಲಿ, ಮರೆಯದಿದ್ದರೆ ಕೇಡಿಲ್ಲ," ಅಂದ. ಅಳತೆ ಹಾಕಿದರೆ ಗುರುತು ಇಟ್ಟ ಗಂಟು ನಾಲ್ಕೇ ಹಿಡಿಸುತ್ತಿತ್ತು. ಮೂರು ಸಂಕ ಸೇರಿ ಒಂದಾದ ಮೇಲೆ ಹಳೆಯವು ಹತ್ತು, ಹೊಸವು ನಲವತ್ತು. ನನ್ನದು ಮೊದಲು, ನನ್ನದು ಮೊದಲು ಅಂತ ಗದ್ದಲವೋ ಗದ್ದಲ.

ಹಾಲಪ್ಪ ಕೈ ಎತ್ತಿದ. "ಮಾಳವ್ವಾ, ನಿನ್ನ ಮನೆಗೆ ದಿನಾ ಐವತ್ತು ಮನೆ ಬಟ್ಟೆ ಬರುತ್ತೆ. ಎಲ್ಲರೂ ಇವತ್ತೇ ಕೊಡು ಅಂತಾರೆ. ನೀನು ಏನು ಮಾಡ್ತೀಯ?"

"ನಾನು ಮನೆ ನೋಡಲ್ಲ ಯಜಮಾನ್ರೇ, ಬಿಸಿಲು ನೋಡ್ತೀನಿ. ಕಂಬಳಿ ಒಣಗೋಕೆ ಇಡೀ ದಿನ ಬೇಕು, ಅದನ್ನ ಬೆಳಿಗ್ಗೇನೇ ಹಿಂಡಿ ಹಾಕ್ತೀನಿ. ಮಧ್ಯಾಹ್ನ ಶುರು ಮಾಡಿದರೆ ಹಸಿ ಕಂಬಳಿ ವಾಪಸ್ಸು ಹೊರಬೇಕು. ಕೂಸಿನ ಬಟ್ಟೆ, ಬಾಣಂತಿ ಬಟ್ಟೆ ತಡ ಆಗೋ ಹಾಗಿಲ್ಲ. ಅದಕ್ಕೆ ಬಡವರು ಸಾಹುಕಾರರು ಅಂತಿಲ್ಲ. ಹಬ್ಬದ ಸೀರೆ ಹಬ್ಬದ ಹಿಂದಿನ ದಿನಕ್ಕೆ ಕೊಟ್ಟರೂ ಯಾರೂ ಸಾಯಲ್ಲ. ಮತ್ತೆ ಹಗ್ಗದ ಮೇಲೆ ಒಂದು ಮೊಳ ಜಾಗ ಖಾಲಿ ಇಡ್ತೀನಿ. ಯಾರ ಮನೇಲಿ ಏನಾಗುತ್ತೋ, ಯಾವ ಗಂಟುಮೂಟೆ ಬರುತ್ತೋ."

ಇಷ್ಟು ಹೇಳಿ ಚಾವಡಿ ಇಳಿದುಬಿಟ್ಟಳು. ಕಾಲುಸಂಕದ ಮಾತೇ ಎತ್ತಲಿಲ್ಲ. ತಾನು ಎತ್ತಿದರೆ ಅದು ಮನೆ ಗಂಟು ಆಗಿಹೋಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಖಾಲಿ ಬುಟ್ಟಿಯ ಪಕ್ಕ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳಂತೆ.

ಪಂಚರು ತಲೆಗೆ ತಲೆ ಸೇರಿಸಿದರು. ಕೆರೆ ಹೂಳು ಮೂರು ಬೇಸಿಗೆಯ ಕೆಲಸ, ಅದೇ ಕಂಬಳಿ, ಇವತ್ತೇ ಶುರುವಾಗಬೇಕು. ಒಂದು ಗಂಟು. ಊರ ಕಣಜದ ಸೂರು ಸೋರಿ ಬೀಜದ ಜೋಳ ಮೊಳಕೆ ಬರುತ್ತಿತ್ತು. ಎರಡನೇ ಗಂಟು. ನಾಲ್ಕನೆಯದು ಖಾಲಿ ಬಿಡೋಣ ಅಂತಾಯ್ತು. ಉಳಿದದ್ದು ಮೂರನೆಯದು. ಇಬ್ಬರು ಪಂಚರು ಕಮಾನು ಅಂದರು, ಇಬ್ಬರು ಕಾಲುಸಂಕ ಅಂದರು. ಮಲ್ಲಿಶೆಟ್ಟಿಯ ಮಾತು ಬಾಕಿ. ಕಮಾನು ಕೇಳಿದವನೇ ಅವನು. ಮಾಳವ್ವ ತಲೆ ತಗ್ಗಿಸಿದಳು. ಆಷಾಢಕ್ಕೆ ಮೂರೇ ತಿಂಗಳು.

ಶೆಟ್ಟಿ ಗಿಳಿ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದ. ಆಮೇಲೆ ಮೂಗಿನಲ್ಲೇ ಅಂದನಂತೆ, "ಕಮಾನು ಹಬ್ಬದ ಸೀರೆ. ಮುಂದಿನವರು ಕಟ್ಟಲಿ. ಕಾಲುಸಂಕದ ಗಂಟಿಗೆ ಇದನ್ನೇ ಇಡಿ, ಕಲ್ಲು ಬೇಡ." ಒಂದು ಕ್ಷಣ ಬಿಟ್ಟು, "ಆದರೆ ಸಂಕ ಅಗಲವಾಗಿರಬೇಕು. ಬಟ್ಟೆ ಹೊರೆ ಹೋಗಬೇಕು," ಅಂತ ಸೇರಿಸಿದ. ಎಷ್ಟಾದರೂ ವ್ಯಾಪಾರಸ್ಥ.

ತಮಟೆಯವನು ಕೋಲು ಎತ್ತಿದ. ಹಾಲಪ್ಪ ತಡೆದ. "ಇವತ್ತು ಬೇಡ ಕಣಪ್ಪಾ. ಬಿಚ್ಚೋ ದಿನ ಬಾರಿಸು. ಮಂಡಕ್ಕಿ ಬೆಲ್ಲವೂ ಅವತ್ತೇ." ಮಂಡಕ್ಕಿಗೆ ಸೆರಗು ಒಡ್ಡಿಕೊಂಡು ನಿಂತಿದ್ದವರು ಗೊಣಗಿಕೊಂಡು ಮನೆಗೆ ಹೋದರು. ಆದರೆ ಬೆಲ್ಲದ ಆಸೆ ದೊಡ್ಡದು ನೋಡಿ. ಮಾರನೇ ದಿನದಿಂದಲೇ ಕೆಲಸಕ್ಕೆ ಆಳು ತಾವಾಗಿ ಬಂದರಂತೆ. ಹಳ್ಳದ ನಡುವೆ ಎರಡು ಕಡೆ ಕಲ್ಲು ಪೇರಿಸಿದರು, ಮೇಲೆ ಮತ್ತಿಮರದ ದಿಮ್ಮಿ ಅಡ್ಡ ಹಾಕಿದರು, ಹಿಡಿದುಕೊಳ್ಳೋಕೆ ಬಿದಿರಿನ ಗಳು ಕಟ್ಟಿದರು. ಜ್ಯೇಷ್ಠ ಮುಗಿಯುವ ಮುಂಚೆ ಗಂಟು ಬಿಚ್ಚಿದರು. ಬೆಲ್ಲ ಸಾಲದೆ ಇನ್ನೊಂದು ಸಲ ತರಿಸಿದರಂತೆ.

ಶ್ರಾವಣ ಬಂತು. ಮಳೆ ಹಿಡಿಯಿತು. ಒಂದು ಮುಂಜಾನೆ ಅಳಿಯ ಓಡಿ ಬಂದ. ಕೂಗಲಿಲ್ಲ, ಬಾಗಿಲಿಗೇ ಬಂದ. "ಅತ್ತೇ, ನೋವು ಶುರುವಾಗಿದೆ!" ಮಾಳವ್ವ ಒಗೆಯೋ ಬಟ್ಟೆ ಹಾಗೇ ಬಿಟ್ಟು ಹೊರಟಳು. ಕೆಳಗೆ ಹಳ್ಳ ಕೆಂಪಗೆ ಬೋರ್ಗರೆಯುತ್ತಿತ್ತು. ಅಳಿಯ ಬೇಗ ಬೇಗ ಅನ್ನುತ್ತಿದ್ದರೂ ಅವಳು ಸಂಕದ ನಟ್ಟನಡುವೆ ನಿಂತಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ಬಗ್ಗಿ ಹಳ್ಳಕ್ಕೆ ಹೇಳಿದಳು.

"ಹೋದ ವರ್ಷ ಒಂಬತ್ತು ದಿನ ಕೂರಿಸಿದೆಯಲ್ಲ ನನ್ನ? ಈಗ ಎಷ್ಟು ಬೇಕೋ ಅಷ್ಟು ಕೂಗು. ನಾನು ಸಂಜೆಗೆ ವಾಪಸ್ಸು ಬರ್ತೀನಿ, ನಾಳೆ ಬೆಳಿಗ್ಗೆ ಮತ್ತೆ ಹೋಗ್ತೀನಿ!"

ಮಧ್ಯಾಹ್ನದ ಹೊತ್ತಿಗೆ ಕೆಂಚಿಗೆ ಹೆಣ್ಣುಮಗು ಹುಟ್ಟಿತಂತೆ. ಅಜ್ಜಿ ಮಗುವನ್ನು ಬಿಸಿನೀರಲ್ಲಿ ಮೀಯಿಸಿ, ಹಳೇ ಸೀರೆಯ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಮೊದಲನೇ ದಿನದ ಬಟ್ಟೆಯನ್ನು ಅವತ್ತೇ ಒಗೆದು ಒಲೆ ಪಕ್ಕ ಒಣಹಾಕಿದಳಂತೆ.

ಸಂಕದ ಆಚೆ ಅವರು ಸುಖವಾಗಿದ್ದಾರೆ, ಈಚೆ ನಾವು ಸುಖವಾಗಿದ್ದೀವಿ. ಕತೆ ದಾಟಿ ಹೋಯಿತು, ನೀವು ಇನ್ನು ಕಾಲು ನೀಡಿ ಕೂತುಕೊಳ್ಳಿ.