ಹಲಗೆಯ ಮೇಲೆ ಬರೆಯದ ಗಾಳಿ

"ಬುದ್ಧೀ, ತಿಂಗಳಲ್ಲಿ ಒಂದೇ ಒಂದು ದಿನ ಸಿಟ್ಟಾಗುವವನನ್ನು ಮುಂಗೋಪಿ ಅನ್ನಬಹುದೇ?" ಎಂದು ವಿರೂಪಣ್ಣ ಸ್ವಾಮಿಗಳನ್ನು ಕೇಳಿದ.

ಮಠಕ್ಕೆ ಬಂದು ಅವನು ಇದನ್ನು ಕೇಳುತ್ತಿದ್ದದ್ದು ಮೂರನೆಯ ಸಲ. ಸಿಟ್ಟಿನಲ್ಲಿ ಅವನು ಎಸೆದ ಊಟದ ತಟ್ಟೆ ಮಗಳ ಹಣೆಗೆ ತಗುಲಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಎಷ್ಟು ಕರೆದರೂ ಅವಳು ಬರುತ್ತಿರಲಿಲ್ಲ.

"ಉಳಿದ ಇಪ್ಪತ್ತೊಂಬತ್ತು ದಿನ ನಾನು ಹಸುವಿನಂಥವನು. ಅದು ಯಾರ ಕಣ್ಣಿಗೂ ಬೀಳುವುದಿಲ್ಲ," ಎಂದ.

ಸ್ವಾಮಿಗಳು ಹಣೆ ಒತ್ತಿಕೊಂಡರು. "ನಿನಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತು ಕಣಪ್ಪಾ. ಕೂತ್ಕೋ. ನಾನು ಮುಗಿಸುವ ತನಕ ಬಾಯಿ ಹಾಕಬೇಡ," ಎಂದು ಕತೆ ಶುರು ಮಾಡಿದರು.

ಒಂದು ಸಣ್ಣ ಊರಿನಲ್ಲಿ ಒಬ್ಬ ನೇಕಾರನಿದ್ದ. ಮಗ್ಗಕ್ಕೆ ಏರಿಸುವ ಮೊದಲು ನೂಲಿನ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಬಿಗಿಯಾಗಿದ್ದಂತೆಯೇ ಒಣಗಿಸಬೇಕು. ಹಾಸು ಅಂದರೆ ಬಟ್ಟೆಯ ಉದ್ದಕ್ಕೆ ಬರುವ ಸಾವಿರಾರು ಎಳೆ. ಹಸಿಯಾಗಿರುವಾಗ ಜೋರು ಗಾಳಿ ಎದ್ದರೆ ಮುಗಿಯಿತು, ಆ ನೂಲು ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲ.

ಅದೇ ಊರಿನಲ್ಲಿ ಒಂದು ಕಚೇರಿ, ಕಚೇರಿಯ ಮುಂದೆ ಒಂದು ಕರಿಹಲಗೆ. ಗುಮಾಸ್ತ ದಿನಾ ಬೆಳಗ್ಗೆ ಅದರ ಮೇಲೆ ಅಂದಿನ ಗಾಳಿಯ ಮುನ್ಸೂಚನೆ ಬರೆಯುತ್ತಿದ್ದ. ಮೇಲಿನ ಕಚೇರಿಯಿಂದ ಅವನಿಗೆ ಎರಡು ಅಂಕಿ ಬರುತ್ತಿದ್ದವು. ಒಂದು, ಇಡೀ ದಿನದ ಸರಾಸರಿ ವೇಗ. ಇನ್ನೊಂದು, ನಡುವೆ ಒಮ್ಮೆಲೇ ನುಗ್ಗಿ ಬರುವ ಗಾಳಿಯ ವೇಗ. ಈ ಪುಣ್ಯಾತ್ಮ ಮೊದಲನೆಯದನ್ನಷ್ಟೇ ಬರೆಯುತ್ತಿದ್ದ. ಎರಡನೆಯದು ಅರೆ ನಿಮಿಷದ ಗಾಳಿ, ಅದಕ್ಕೇಕೆ ಸೀಮೆಸುಣ್ಣ ಸವೆಸಬೇಕು ಅಂತ ಅವನ ಎಣಿಕೆ. ಕೇಳಿಸಿಕೊಂಡೆಯಾ? ಅರೆ ನಿಮಿಷವಂತೆ.

ಒಂದು ದಿನ ಹಲಗೆಯ ಮೇಲೆ 'ಗಂಟೆಗೆ ಎಂಟು ಕಿಲೋಮೀಟರು, ಮಂದ ಗಾಳಿ' ಎಂದಿತ್ತು. ಅದನ್ನು ನಂಬಿ ನೇಕಾರ ಬೀದಿಯಲ್ಲಿ ಹಾಸು ಕಟ್ಟಿದ. ಗಂಡ ಹೆಂಡಿರು ತಿಂಗಳಿಡೀ ಕೂತು ಅಣಿ ಮಾಡಿದ ಹಾಸು. ಮುಂದಿನ ಮೂರು ತಿಂಗಳ ಅನ್ನ ಅದರಲ್ಲೇ ಇತ್ತು. ಗಂಜಿ ಹಚ್ಚಿ ಕೈ ತೊಳೆಯಲು ಹೋದರು. ಬೀದಿಯ ತುದಿಯಿಂದ ಗಾಳಿ ನುಗ್ಗಿ ಗೂಟಗಳನ್ನೇ ಕಿತ್ತುಹಾಕಿತು. ಓಡಿ ಬರುವಷ್ಟರಲ್ಲಿ ಹಾಸೆಲ್ಲ ಮಣ್ಣಿನಲ್ಲಿ ಹೊರಳಿ ಗೋಜಲಾಗಿ ಬಿದ್ದಿತ್ತು. ಗಾಳಿ ನಿಂತೂ ಹೋಗಿತ್ತು. ನೇಕಾರನ ಹೆಂಡತಿ ಅಲ್ಲೇ ಕುಸಿದು ಕೂತು ಅತ್ತಳು. ಸಂಜೆಯವರೆಗೆ ಬಿಡಿಸಿದರೂ ಒಂದು ಗೇಣು ನೂಲು ದಕ್ಕಲಿಲ್ಲ.

ನೇಕಾರ ಕಚೇರಿಗೆ ಹೋಗಿ ಕೇಳಿದ. ಗುಮಾಸ್ತ ಒಂದಿಷ್ಟೂ ಅಳುಕಲಿಲ್ಲ. "ಇಡೀ ದಿನದ ಗಾಳಿ ಕೂಡಿಸಿ ಭಾಗಿಸಿ ನೋಡಪ್ಪ, ಎಂಟೇ ಬರುತ್ತದೆ. ನಾನು ಬರೆದದ್ದರಲ್ಲಿ ತಪ್ಪೇನಿದೆ?"

"ತಪ್ಪಿಲ್ಲ ಸ್ವಾಮಿ," ಎಂದ ನೇಕಾರ. "ಆದರೆ ನನ್ನ ಹಾಸು ಕಿತ್ತದ್ದು ನೀವು ಬರೆದ ಗಾಳಿಯಲ್ಲ."

ಅಂದಿನಿಂದ ಅವನು ಆ ಬೀದಿಯಲ್ಲಿ ಹಾಸು ಕಟ್ಟಲೇ ಇಲ್ಲ. ಒಂದೆಲೆ ಅಲುಗದ ದಿನವೂ ಕಟ್ಟಲಿಲ್ಲ. ಎಲ್ಲವನ್ನೂ ಹೊತ್ತುಕೊಂಡು ಊರಾಚೆಯ ಒಂದು ಎತ್ತರದ ಗೋಡೆಯ ಮರೆಗೆ ಹೋಗುತ್ತಿದ್ದ.

ಸ್ವಾಮಿಗಳು ಕತೆ ನಿಲ್ಲಿಸಿದರು. ವಿರೂಪಣ್ಣನಿಗೆ ತಡೆಯಲಾಗಲಿಲ್ಲ.

"ಇವನೆಂಥ ಪುಕ್ಕಲ ಬುದ್ಧೀ? ಅರೆ ನಿಮಿಷದ ಗಾಳಿಗೆ ಹೆದರಿ ಬೀದಿಯನ್ನೇ ಬಿಡುವುದೇ? ಉಳಿದ ದಿನವೆಲ್ಲ ಗಾಳಿ ತಣ್ಣಗೇ ಇತ್ತಲ್ಲ."

ಸ್ವಾಮಿಗಳು ದೀರ್ಘವಾಗಿ ಉಸಿರು ಬಿಟ್ಟು ಹೇಳಿದರು: "ಆ ನೇಕಾರನನ್ನು ಪುಕ್ಕಲ ಅಂತ ಊರಲ್ಲಿ ಯಾರು ಬೇಕಾದರೂ ಅನ್ನಲಿ ಕಣಪ್ಪಾ, ಗಾಳಿ ಮಾತ್ರ ಅನ್ನಬಾರದು."